ಸೋರ್ಬೋ ಗೇಟಿನ ಟೈರ್ ಗುರುತು

ಗುಡ್ರುನ್ ಟ್ವೇಟ್ ಇಪ್ಪತ್ತೆರಡು ವರ್ಷ ಮರ್ಡಾಕ್ ಕೌಂಟಿಯ ಗ್ರೇಡರ್ ಓಡಿಸಿದಳು. ಹೊಟ್ಟೆಯ ಕೆಳಗೆ ಹನ್ನೆರಡಡಿ ಉಕ್ಕಿನ ಅಲಗು ಕಟ್ಟಿಕೊಂಡ ಹಳದಿ ಯಂತ್ರ ಅದು. ಜಲ್ಲಿ ರಸ್ತೆಯ ಉಬ್ಬುತಗ್ಗು ಕೆರೆದು ಮಟ್ಟ ಮಾಡುವುದು ಅದರ ಕೆಲಸ. ಮೊದಲಿದ್ದ ಇಬ್ಬರು ಗಂಡಸರು ಕುಡಿದು ಅದನ್ನು ಹುಚ್ಚುನಾಯಿ ಹಳ್ಳಕ್ಕೆ ಇಳಿಸಿದ ಮೇಲೆ, ಹೆಂಗಸಾದರೇನಂತೆ, ಕುಡಿಯುವುದಿಲ್ಲವಲ್ಲ ಎಂದು ಕೌಂಟಿಯ ಯಜಮಾನರು ಇವಳನ್ನು ಹತ್ತಿಸಿದರು. ಕುಡಿಯುತ್ತಿದ್ದಳು. ಯಂತ್ರದಿಂದ ಇಳಿದ ಮೇಲೆ.

ಅಮೆರಿಕದ ಮೊಂಟಾನಾ ರಾಜ್ಯದ ಪೂರ್ವದ ಮೂಲೆಯ ಆ ಕೌಂಟಿಯಲ್ಲಿ ಆರುನೂರು ಮೈಲಿ ಜಲ್ಲಿ ರಸ್ತೆಯಿತ್ತು. ತೊಂಬತ್ತರ ಗಣತಿಯ ಪ್ರಕಾರ ನಾಲ್ಕುನೂರ ಎಂಬತ್ತೊಂದು ಜನರಿದ್ದರು. ಒಂದು ಕಾಲಕ್ಕೆ ಮೂರೂವರೆ ಸಾವಿರವಿತ್ತಂತೆ. ನೇಗಿಲು ಹೂಡಿದರೆ ಮಳೆ ತಾನಾಗಿ ಹಿಂದೆ ಬರುತ್ತದೆ ಎಂದು ರೈಲು ಕಂಪನಿಯವರು ಬಣ್ಣದ ಕಾಗದ ಹಂಚಿ, ನಾರ್ವೆಯ ಮೀನುಗಾರರನ್ನೂ ರಷ್ಯಾದಲ್ಲಿದ್ದ ಜರ್ಮನ್ ಒಕ್ಕಲುಗಳನ್ನೂ ಕರೆತಂದು ಆ ಬಯಲಿಗೆ ಸುರಿದಿದ್ದರು. ಅದಕ್ಕೂ ಮೊದಲು ಆ ನೆಲ ಅಸಿನಿಬೋಯಿನ್ ಎಂಬ ಮೂಲನಿವಾಸಿ ಜನರದು. ಹೇಗೆ ಕೈ ಬದಲಾಯಿತು ಎಂಬ ಮಾತನ್ನು ಚರ್ಚಿನ ಊಟಗಳಲ್ಲಿ ಯಾರೂ ಎತ್ತುವುದಿಲ್ಲ. ಏಳು ವರ್ಷ ಮಳೆ ಬಂತು, ಆಮೇಲೆ ಕೈಕೊಟ್ಟಿತು. ಜನ ಹೋದರು, ಮನೆಗಳು ನಿಂತವು. ಟೋರ್ಗರ್ಸನ್ ಮನೆ, ವೈಗಲ್ ಮನೆ, ಸೋರ್ಬೋ ಮನೆ ಎಂದು ಖಾಲಿ ಗೋಡೆಗಳಿಗೆ ಇನ್ನೂ ಹೆಸರುಗಳಿದ್ದವು. ಯಾವುದರಲ್ಲಿ ದೀಪವಿದೆ, ಯಾವುದರಲ್ಲಿ ಗೂಬೆಯಿದೆ ಎಂಬುದು ಗುಡ್ರುನ್‌ಗೆ ಗೊತ್ತಿದ್ದಷ್ಟು ಆ ಗಣತಿಯವರಿಗೂ ಗೊತ್ತಿರಲಿಲ್ಲ.

ಅವಳು ರಸ್ತೆ ಓದುತ್ತಿದ್ದಳು. ಯಾವ ಗಾಡಿ ಯಾವ ಗೇಟಿಗೆ ತಿರುಗಿತು, ಯಾರು ಎಲ್ಲಿ ರಾತ್ರಿ ಕಳೆದರು, ಎಲ್ಲ ಜಲ್ಲಿಯ ಮೇಲೆ ಅಚ್ಚಾಗಿರುತ್ತಿತ್ತು. ಓದಿ, ಅಲಗು ಇಳಿಸಿ, ಅಳಿಸಿ ಮುಂದೆ ಹೋಗುತ್ತಿದ್ದಳು.

1991ರ ಆಗಸ್ಟಿನ ಮೊದಲ ವಾರ ಸೋರ್ಬೋ ಗೇಟಿನಲ್ಲಿ ಅವಳಿಗೆ ಒಂದು ಗುರುತು ಕಂಡಿತು. ಮೂವತ್ತಾರನೇ ಇಸವಿಯಿಂದ ಯಾರೂ ವಾಸವಿಲ್ಲದ ಮನೆ ಅದು. ಮೂರು ಟೈರ್ ಒಂದು ಬಗೆಯವು, ಹಿಂದಿನ ಎಡದ್ದು ಬೇರೆ. ಅಂಥ ಕಾರು ಕೌಂಟಿಯಲ್ಲಿ ಒಂದೇ ಇತ್ತು. ರೂಬನ್ ಸ್ಟ್ರೋಬಲ್‌ನ ಹೆಂಡತಿ ಲೋರ್ನಾಳದು.

ರೂಬನ್ ಕೌಂಟಿಯ ಬೆಂಕಿ ಪಡೆಯ ಮುಖ್ಯಸ್ಥ. ಊರಿಗೆಲ್ಲ ಬೇಕಾದವನು. ವಿಧವೆಯರ ಅಂಗಳದ ಹಿಮ ತೆಗೆದುಕೊಡುತ್ತಿದ್ದ, ಕರು ಸಿಕ್ಕಿಕೊಂಡ ಹಸುವಿಗೆ ನಡುರಾತ್ರಿಯಲ್ಲೂ ಎದ್ದು ಬರುತ್ತಿದ್ದ, ಚರ್ಚಿನಲ್ಲಿ ಅವನ ದನಿ ಎಲ್ಲರ ದನಿಗಿಂತ ಮೇಲೆ ಕೇಳುತ್ತಿತ್ತು. ಅವನ ಹೆಂಡತಿ ಒಮ್ಮೆ ಹೆಗಲಿನ ಮೂಳೆ ಮುರಿದುಕೊಂಡಿದ್ದಳು, ಒಮ್ಮೆ ಮಣಿಕಟ್ಟು, ಒಮ್ಮೆ ಪಕ್ಕೆಲುಬು. ಕರು ಒದೆಯಿತು ಎನ್ನುತ್ತಿದ್ದಳು. ಆ ಮನೆಯ ಕರುಗಳು ಬಹಳ ಒದೆಯುತ್ತಿದ್ದವು.

ಗುರುತು ಕಂಡ ದಿನವೇ ರೂಬನ್ ಎದುರಿಗೆ ಸಿಕ್ಕಿ, ಕೈ ಅಡ್ಡ ಹಾಕಿ ಗ್ರೇಡರ್ ನಿಲ್ಲಿಸಿದ.

"ಲೋರ್ನಾ ಅವರಕ್ಕನ ಮನೇಗೆ ಅಂತ ಹೋದ್ಲು," ಎಂದ. "ಅಲ್ಲಿಗೆ ಹೋಗೇ ಇಲ್ಲ, ನಾನು ಹೋಗಿ ನೋಡ್ಕಂಡು ಬಂದೆ. ರಸ್ತೆ ಮೇಲಿರೋಳು ನೀನು. ಕಣ್ಣಿಗೆ ಬಿದ್ರೆ ನಂಗೆ ಹೇಳು. ನಂಗೆ ಮಾತ್ರ."

"ಆಯ್ತು ಬುಡು," ಎಂದಳು ಗುಡ್ರುನ್.

ಲೋರ್ನಾ ಯಾಕೆ ದೂರ ಹೋಗಿಲ್ಲ ಎಂಬುದು ಯೋಚಿಸುವಂಥದ್ದೇನಾಗಿರಲಿಲ್ಲ. ಕೌಂಟಿಗೆಲ್ಲ ಇದ್ದದ್ದು ಒಂದೇ ಪೆಟ್ರೋಲ್ ಪಂಪು, ಅದು ರೂಬನ್‌ನ ಅಣ್ಣನದು. ಟ್ಯಾಂಕು ಮುಗಿದಲ್ಲಿಗೆ ಅವಳ ದಾರಿಯೂ ಮುಗಿದಿತ್ತು.

ಮಾರನೆಯ ದಿನ ಗುಡ್ರುನ್ ಆ ಗೇಟಿನ ಮುಂದೆ ಅಲಗು ಇಳಿಸಿ ಗುರುತು ಅಳಿಸಿದಳು. ಎರಡು ದಿನ ಬಿಟ್ಟು ಅದೇ ಜಾಗದಲ್ಲಿ ಕಾಲಿನ ಗುರುತಿತ್ತು, ಅದನ್ನೂ ಅಳಿಸಿದಳು. ಮನೆಯ ಕಡೆಗೆ ಹೋಗಲಿಲ್ಲ, ಒಂದು ತುಂಡು ಬ್ರೆಡ್ಡನ್ನೂ ಬಿಟ್ಟು ಬರಲಿಲ್ಲ. ಅವಳ ಧೈರ್ಯ ಇದ್ದದ್ದೇ ಅಷ್ಟು, ಅಲಗಿನ ಉದ್ದದಷ್ಟು.

ಒಂಬತ್ತನೆಯ ದಿನ ಮಧ್ಯಾಹ್ನ ಯಾರದೋ ಕೊಯ್ಲು ಯಂತ್ರದ ಬೇರಿಂಗ್ ಕಾದು ಕಿಡಿ ಹಾರಿತು. ಹುಲ್ಲು ಕಾಗದದಂತೆ ಒಣಗಿತ್ತು. ಅರ್ಧ ಗಂಟೆಯಲ್ಲಿ ಬೆಂಕಿ ಪಡುವಣದ ದಿಣ್ಣೆ ಹತ್ತಿ, ಗಾಳಿಯ ಜೊತೆ ಹದಿನಾಲ್ಕನೇ ರಸ್ತೆಯ ಕಡೆಗೆ ನುಗ್ಗಿತು. ರಸ್ತೆಯ ಆಚೆ ಊರಿತ್ತು. ನೀರಿನ ಟ್ಯಾಂಕು ಹೊತ್ತ ಪಿಕಪ್‌ಗಳು, ಒದ್ದೆ ಗೋಣಿ ಹಿಡಿದ ಜನ, ಎಲ್ಲ ಸೇರಿದರೂ ಮೂವತ್ತು ತಲೆ ದಾಟಲಿಲ್ಲ. ಗುಡ್ರುನ್ ರಸ್ತೆಯ ಅಂಚಿನ ಹುಲ್ಲು ಕೆರೆದು ಮಣ್ಣು ತೋರಿಸುತ್ತ ಹೋಗುತ್ತಿದ್ದಳು. ರೇಡಿಯೋದಲ್ಲಿ ರೂಬನ್‌ನ ದನಿ ಬಂತು. ಆ ರೇಡಿಯೋವನ್ನು ಕೌಂಟಿಯ ಪ್ರತಿ ಅಡಿಗೆಮನೆಯೂ ಕೇಳುತ್ತಿತ್ತು.

"ಗುಡ್ರುನ್, ತೆಂಕಲ ಕಡೆ ಯಾರಾರಾ ಅವರಾ? ಸೋರ್ಬೋ ದಿಕ್ಕಿಗೆ? ಒಂದು ಗಾಡಿ ಕಳಿಸ್ಲಾ?"

ಗಾಡಿ ಹೋದರೆ ಕಾರು ಕಾಣುತ್ತದೆ. ಬೆಂಕಿ ಹೋಗುತ್ತಿರುವುದು ಮೂಡಣಕ್ಕೆ, ತೆಂಕಲಿಗಲ್ಲ.

"ಯಾರೂ ಇಲ್ಲ," ಎಂದಳು. "ಆ ಕಡೆ ಒಂದು ನರಪಿಳ್ಳೆ ಇಲ್ಲ."

"ಸರಿ. ಎಲ್ಲ ಗಾಡಿ ಇಲ್ಲೇ ಇರ್ಲಿ."

ಹತ್ತು ನಿಮಿಷವೂ ಆಗಿರಲಿಲ್ಲ. ಬಲಗೆನ್ನೆಗೆ ತಣ್ಣನೆಯ ಗಾಳಿ ತಾಕಿತು, ಬಡಗಣದಿಂದ. ನೆಟ್ಟಗೆ ಬರುತ್ತಿದ್ದ ಹೊಗೆ ಬಗ್ಗಿತು, ತಿರುಗಿತು. ಐದು ಮೈಲಿ ಉದ್ದಕ್ಕೆ ಮಲಗಿದ್ದ ಬೆಂಕಿಯ ಪಕ್ಕೆಯೇ ಈಗ ತಲೆಯಾಗಿ ಎದ್ದು ತೆಂಕಲಿಗೆ ಮುಖ ಮಾಡಿತು. ಊರು ಉಳಿಯಿತು ಎಂದು ರೇಡಿಯೋದಲ್ಲಿ ಯಾರೋ ಕೇಕೆ ಹಾಕಿದರು. ಗುಡ್ರುನ್‌ಳ ಕಣ್ಣು ಸೋರ್ಬೋ ದಿಕ್ಕಿಗೆ ಹೊರಳಿತು. ತಾನೇ ಬಾಯಿಬಿಟ್ಟು ಹೇಳಿದ್ದಳಲ್ಲ, ನರಪಿಳ್ಳೆ ಇಲ್ಲ ಎಂದು.

ಅಲಗು ಎತ್ತಿ ಯಂತ್ರವನ್ನು ತಿರುಗಿಸಿದಳು. ಗ್ರೇಡರ್ ಎಷ್ಟು ಓಡಿದರೂ ಗಂಟೆಗೆ ಇಪ್ಪತ್ತೈದು ಮೈಲಿ; ಸೋರ್ಬೋ ಮನೆ ಏಳು ಮೈಲಿ.

"ಎಲ್ಲಿಗೇ ಹೊಂಟೆ?" ರೂಬನ್ ಕೇಳಿದ.

"ಹುಚ್ಚುನಾಯಿ ಹಳ್ಳದ ಮರದ ಸೇತುವೆ ಸುತ್ತ ಕೆರೀತೀನಿ."

"ಸುಟ್ರೆ ಸುಡ್ಲಿ ಅತ್ಲಾಗೆ! ಒಬ್ಬಳೇ ಹೋಗ್ಬೇಡ, ವಾಪಸ್ ಬಾ. ಏಯ್, ಮುದುಕಿ!"

"ಕೇಳಿಸ್ತಿಲ್ಲ," ಎಂದು ರೇಡಿಯೋ ಆರಿಸಿದಳು.

ಬಲಕ್ಕೆ, ದಿಣ್ಣೆಯ ಹಿಂದೆ, ಹೊಗೆ ಅವಳ ಜೊತೆಯಲ್ಲೇ ಓಡುತ್ತಿತ್ತು. ಒಂದು ಮೊಲ ಬೆನ್ನಿಗೆ ಕಿಡಿ ಹೊತ್ತುಕೊಂಡು ರಸ್ತೆ ದಾಟಿ, ಇನ್ನೂ ಸುಡದ ಹುಲ್ಲಿಗೆ ಬೆಂಕಿ ಹಚ್ಚುತ್ತ ಹೋಯಿತು. ಗುಡ್ರುನ್ ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದಳು. ಮೊಲವನ್ನು, ಯಂತ್ರವನ್ನು, ಲೋರ್ನಾಳನ್ನು, ಎಲ್ಲಕ್ಕಿಂತ ಹೆಚ್ಚಾಗಿ ತನ್ನನ್ನು.

ಸೋರ್ಬೋ ಅಂಗಳಕ್ಕೆ ನುಗ್ಗಿ ಹಾರ್ನ್ ಒತ್ತಿದಳು. ಯಾರೂ ಬರಲಿಲ್ಲ. ಒತ್ತಿದಷ್ಟೂ ಮನೆ ಇನ್ನಷ್ಟು ಸತ್ತಂತೆ ನಿಂತಿತು. ಆಗ ಹೊಳೆಯಿತು: ಹೆದರಿ ಅಡಗಿದವಳು ಹಾರ್ನಿಗೆ ಹೊರಗೆ ಬರುತ್ತಾಳೆಯೇ? ಇಳಿದು ಓಡಿದಳು. ಮನೆಯ ಹಿಂದಿನ ನೆಲಮಾಳಿಗೆಯ ಬಾಗಿಲು ಒಳಗಿನಿಂದ ಬಿಗಿದಿತ್ತು.

"ಲೋರ್ನಾ! ನಾನು ಕಣೇ, ಗುಡ್ರುನ್!"

ಒಳಗಿನಿಂದ ಸಣ್ಣ ದನಿ ಬಂತು. "ಅವನು ಇದಾನಾ?"

"ಬೆಂಕಿ ಕಣೇ! ಬೆಂಕಿ ಬರ್ತಾ ಇದೆ, ಬಾ ಆಚೆಗೆ!"

"ಅವನು ಇದಾನಾ ಅಂತ ಮೊದಲು ಹೇಳು."

ಆಕಾಶ ತಾಮ್ರದ ತಟ್ಟೆಯಾಗಿತ್ತು; ಈ ಹೆಂಗಸು ಕೇಳುತ್ತಿದ್ದದ್ದು ಇದನ್ನು. ಗುಡ್ರುನ್‌ಗೆ ಮುಂದೆ ಎಷ್ಟೋ ವರ್ಷ ಬೆಂಕಿ ಕನಸಿನಲ್ಲಿ ಬರಲಿಲ್ಲ, ಆ ಪ್ರಶ್ನೆ ಬಂತು.

"ಇಲ್ಲ. ನಾನೊಬ್ಬಳೇ. ಆಣೆಗೂ."

ಬಾಗಿಲು ತೆರೆಯಿತು. ಲೋರ್ನಾ ಒಂದು ಕೈಯಲ್ಲಿ ಪಕ್ಕೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಅವಳನ್ನು ಗ್ರೇಡರಿನ ಚಾಲಕನ ಗೂಡಿಗೆ ನೂಕಿ, ಗುಡ್ರುನ್ ಅಲಗು ಇಳಿಸಿದಳು. ಹೊರಗೆ ಹೋಗುವ ದಾರಿ ಆಗಲೇ ಹೊಗೆಯಲ್ಲಿ ಮುಚ್ಚಿತ್ತು. ಮನೆಯ ಸುತ್ತ ಒಂದು ಸುತ್ತು, ಎರಡು, ಮೂರು. ಹುಲ್ಲು ಬೇರುಸಹಿತ ಕಿತ್ತು ಹಸಿ ಮಣ್ಣು ಮೇಲೆ ಬಂತು. ಮೂಲೆಯ ಕೊಟ್ಟಿಗೆಯನ್ನು ಒಳಗೆ ಸೇರಿಸಿಕೊಳ್ಳುವಷ್ಟು ಹೊತ್ತಿರಲಿಲ್ಲ. ರಸ್ತೆಗೆ ಇಡುವ ಎಚ್ಚರಿಕೆಯ ದೀಪಕಡ್ಡಿ ಉರಿಸಿ ಗೆರೆಯ ಹೊರಗಿನ ಹುಲ್ಲಿಗೆ ತಾನೇ ಬೆಂಕಿ ಕೊಟ್ಟಳು. ಬರುವ ಬೆಂಕಿಗೆ ತಿನ್ನಲು ಏನೂ ಉಳಿಯಬಾರದು.

ಗೂಡಿನ ಬಾಗಿಲು ಹಾಕಿಕೊಂಡು ಇಬ್ಬರೂ ನೆಲದ ಮೇಲೆ ಮುದುಡಿದರು. ಬೆಂಕಿ ಬಂದದ್ದು ಸದ್ದಾಗಿ, ಗೂಡ್ಸ್ ರೈಲು ತಲೆಯ ಮೇಲೆ ಹೋದಂತೆ. ಗಾಜು ಮುಟ್ಟಲಾಗದಷ್ಟು ಕಾಯಿತು. ಬಣ್ಣ ಸುಡುವ ವಾಸನೆ ಬಂತು. ಎಂಜಿನ್ ಕೆಮ್ಮಿ ನಿಂತಿತು. ಲೋರ್ನಾಳ ಉಗುರು ಅವಳ ತೋಳಿನಲ್ಲಿ ಇಳಿದಿತ್ತು. ಗುಡ್ರುನ್ ಪ್ರಾರ್ಥನೆ ಮಾಡಲಿಲ್ಲ, ಉಚ್ಚೆ ಹೊಯ್ದುಕೊಂಡಳು.

ಆಮೇಲೆ ಅದು ದಾಟಿಹೋಯಿತು. ಕೊಟ್ಟಿಗೆ, ಅದರೊಳಗಿನ ಕಾರು ಒಟ್ಟಿಗೆ ಉರಿಯುತ್ತಿದ್ದವು. ಮೂರನೆಯ ಸಲಕ್ಕೆ ಎಂಜಿನ್ ಹತ್ತಿಕೊಂಡಿತು. ಲೋರ್ನಾಳನ್ನು ಸೀಟಿನ ಹಿಂದೆ ತುರುಕಿ, ಎಣ್ಣೆ ಜಿಡ್ಡಿನ ಟಾರ್ಪಾಲು ಹೊದಿಸಿ, ಕರಕಲು ಬಯಲಿನ ಮೇಲೆ ಹೊರಟಳು. ಊರಿಗೆ ಇದ್ದದ್ದು ಒಂದೇ ದಾರಿ, ನಾಲ್ಕುದಾರಿಯ ಮೂಲಕ. ಅಲ್ಲಿ ರೂಬನ್ ನಿಂತಿದ್ದ.

ಅವನು ಗ್ರೇಡರ್ ಹತ್ತುವ ಏಣಿಯ ಮೇಲೆ ಒಂದು ಕಾಲಿಟ್ಟ. ಮುಖವೆಲ್ಲ ಮಸಿ, ಹಲ್ಲು ಮಾತ್ರ ಬೆಳ್ಳಗೆ.

"ಸತ್ತೇ ಹೋದೆ ಅನ್ಕಂಡಿದ್ದೆ ಕಣೇ. ಸೇತುವೆ ಉಳೀತಾ?"

ಸೇತುವೆಯ ತನಕ ಅವಳು ಹೋಗಿರಲೇ ಇಲ್ಲ.

"ಉಳೀತು."

"ಇಳಿ, ನೀರು ಕುಡಿ. ಯಂತ್ರ ನಾನು ಶೆಡ್ಡಿಗೆ ಬಿಡ್ತೀನಿ." ಎರಡನೆಯ ಕಾಲನ್ನೂ ಏಣಿಗಿಟ್ಟ.

ಟಾರ್ಪಾಲಿನ ಕೆಳಗೆ ಉಸಿರು ನಿಂತದ್ದು ಗುಡ್ರುನ್‌ಗೆ ಕೇಳಿಸಿತು. ಅಷ್ಟರಲ್ಲಿ ಕೆಳಗಿನಿಂದ ಒಂದು ಊರುಗೋಲು ರೂಬನ್‌ನ ಕಾಲಿಗೆ ಬಿತ್ತು. ನಲವತ್ತು ವರ್ಷ ಅಂಚೆ ಕಚೇರಿ ನಡೆಸಿದ ಹುಲ್ಡಾ. ಪಡೆಯವರಿಗೆ ಬ್ರೆಡ್ಡು ಹಂಚಲು ಬಂದಿದ್ದಳು.

"ಇಳಿಯೋ ಕೆಳಗೆ, ಗೂಳಿ! ಅವಳ ಪ್ಯಾಂಟ್ ನೋಡು ಹೆಂಗಾಗದೆ. ಹೆಂಗಸಿಗೆ ಅಷ್ಟು ಮಾನ ಬಿಡಲ್ವಾ ನೀನು?"

ಎಲ್ಲರೂ ನಕ್ಕರು. ರೂಬನ್ ನೋಡಿದ, ನಕ್ಕ, ಇಳಿದ. ಹುಲ್ಡಾ ಪೊಟ್ಟಣವನ್ನು ಮೇಲಕ್ಕೆ ಚಾಚಿದಳು. ಒಂದಲ್ಲ, ಎರಡು.

"ಅವಳಿಗ್ಯಾಕೆ ಎರಡು?" ಎಂದ ರೂಬನ್.

"ನೀನು ಮೂರು ಮುಕ್ಕಿದೆ, ನಾನು ಕೇಳಿದ್ನಾ?" ಎಂದಳು ಮುದುಕಿ. ಆಮೇಲೆ ಪೊಟ್ಟಣ ಕೊಡುವ ನೆಪದಲ್ಲಿ ಕತ್ತು ಎತ್ತಿ, ತುಟಿ ಅಲುಗಿಸದೆ, "ಶೆಡ್ಡಿನ ಹಿಂದೆ ನನ್ನ ವ್ಯಾನ್ ಇರ್ತದೆ. ವಾರದಿಂದ ಅವಳಿಗೆ ಬ್ರೆಡ್ಡು ಹಾಕಿ ಬತ್ತಿರೋಳು ನಾನೇ. ಸೇತುವೆ ಅಂತ ನೀನು ರೇಡಿಯೋದಲ್ಲಿ ಅಂದಾಗ್ಲೇ ಗೊತ್ತಾಯ್ತು," ಎಂದಳು.

ಗುಡ್ರುನ್‌ಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಎರಡು ದಿನ ಬಿಟ್ಟು ತಾನು ಅಳಿಸಿದ್ದು ಈ ಮುದುಕಿಯ ಕಾಲಿನ ಗುರುತು. ತನಗೆ ಕಂಡದ್ದು, ಇವಳಿಗೆ ಗೊತ್ತಾದದ್ದು, ಇನ್ನು ಎಷ್ಟು ಜನಕ್ಕೆ ಗೊತ್ತು?

ಕತ್ತಲಾಗುವ ಮೊದಲೇ ಹುಲ್ಡಾ ತೊಂಬತ್ತು ಮೈಲಿ ಆಚೆಯ ರೈಲಿಗೆ ಲೋರ್ನಾಳನ್ನು ಹತ್ತಿಸಿ ಬಂದಳು. ಎಲ್ಲಿಗೆ ಎಂದು ಗುಡ್ರುನ್ ಕೇಳಲಿಲ್ಲ. ಗೊತ್ತಿಲ್ಲದ್ದನ್ನು ಯಾರೂ ಬಾಯಿ ಬಿಡಿಸಲಾರರು.

ಬೆಳಗಾಗುತ್ತಲೇ ಅವಳು ಮತ್ತೆ ಸೋರ್ಬೋ ಅಂಗಳದಲ್ಲಿದ್ದಳು. ಕೊಟ್ಟಿಗೆಯ ಇದ್ದಿಲು, ಸುಟ್ಟ ಕಾರು, ಎಲ್ಲವನ್ನೂ ಅಲಗಿನಿಂದ ನೂಕಿ ಹಿಂದಿನ ಕೊರಕಲಿಗೆ ಕೆಡವಿ ಮಣ್ಣೆಳೆದಳು. ಕೊನೆಯ ಸುತ್ತು ಎಳೆಯುತ್ತಿದ್ದಾಗ ರೂಬನ್‌ನ ಪಿಕಪ್ ಬಂದು ನಿಂತಿತು. ಅವನು ಇಳಿದು, ಹೊಸ ಮಣ್ಣಿನ ಮೇಲೆಯೇ ನಡೆದು ಬಂದ.

"ಸೇತುವೆ ಉಳೀತು ಅಂದೆ. ಈಗ ಅಲ್ಲಿಂದ್ಲೇ ಬಂದೆ. ಬೂದಿ ಆಗದೆ." ದನಿ ಏರಿರಲಿಲ್ಲ. "ನಿನ್ನೆ ಎಲ್ಲಿದ್ದೆ?"

ಅವನ ಬೂಟಿನ ಕೆಳಗೆ, ಎರಡಡಿ ಆಳದಲ್ಲಿ, ಆ ಕಾರಿತ್ತು. ಗುಡ್ರುನ್‌ಳ ಮೊಣಕಾಲು ನಡುಗುತ್ತಿತ್ತು. ಅದು ಅವನಿಗೂ ಕಾಣುತ್ತಿತ್ತು. ಮುಚ್ಚಿಡಲು ಆಗದ್ದನ್ನೇ ಅವಳು ಮುಂದಿಟ್ಟಳು.

"ಇಲ್ಲೇ ಇದ್ದೆ. ಸೇತುವೆ ತಂಕ ಹೋಗೋಕೆ ಪುಕ್ಕಲಾಯ್ತು. ಸುತ್ತ ಕೆರಕಂಡು ಮಧ್ಯ ಕೂತ್ಕಂಡೆ. ಉಚ್ಚೆ ಹೊಯ್ಕಂಡು ಕೂತಿದ್ದೆ. ನಿಮ್ಮೆಲ್ರ ಮುಂದೆ ಹೆಂಗೆ ಹೇಳ್ಲಿ?"

ರೂಬನ್ ಅವಳ ಮೊಣಕಾಲು ನೋಡಿದ. ಆ ನಡುಕ ಅವನಿಗೆ ಪರಿಚಯವಿತ್ತು, ಮನೆಯಲ್ಲಿ ನೋಡಿದ್ದ. ಅವನ ಭುಜ ಸಡಿಲವಾಯಿತು.

"ಅದಕ್ಯಾಕೆ ನಾಚ್ಕೆ?" ಎಂದು ಅವಳ ಬೆನ್ನು ತಟ್ಟಿದ. "ಹೆಂಗಸ್ರು ಹೆದರ್ತಾರೆ. ಅದು ಇರೋದೆ."

ವಾರದೊಳಗೆ ಕೌಂಟಿಗೆಲ್ಲ ಅವನೇ ಹೇಳಿದ. ಗುಡ್ರುನ್ ಬಾರಿನೊಳಗೆ ಕಾಲಿಟ್ಟರೆ "ಬಂದ್ಳಪ್ಪಾ ಸೇತುವೆ ಕಾಯೋಳು, ಕುರ್ಚಿಗೆ ಪ್ಲಾಸ್ಟಿಕ್ ಹಾಸ್ರೋ" ಎನ್ನುತ್ತಿದ್ದರು. ನಿವೃತ್ತಿಯಾಗುವ ತನಕ ಅಂದರು. ಅವಳು ಕೊಟ್ಟ ಕುರ್ಚಿಯಲ್ಲಿ ಕೂತು ಕುಡಿದು ಹೋಗುತ್ತಿದ್ದಳು.

ಎರಡು ವರ್ಷದ ಮೇಲೆ, ಹೆಂಡತಿ ಬಿಟ್ಟುಹೋದಳೆಂದು ಕೋರ್ಟಿನ ಕಾಗದ ಮಾಡಿಸಿಕೊಂಡು, ರೂಬನ್ ಪಕ್ಕದ ಕೌಂಟಿಯ ಹುಡುಗಿಯನ್ನು ಮದುವೆಯಾದ. ಊರೇ ಹೋಗಿ ಉಂಡು ಬಂತು. ಗುಡ್ರುನ್ ಊಟಕ್ಕೆ ಕೂರಲಿಲ್ಲ. ಚರ್ಚಿನ ಹಿಂದೆ ಹೋಗಿ, ಮದುಮಗಳು ಬಂದಿಳಿದ ಅವಳದೇ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ನಾಲ್ಕೂ ಟೈರುಗಳ ಅಚ್ಚನ್ನು ಒಂದೊಂದಾಗಿ ನೋಡಿಕೊಂಡಳು.