ಖಾಲಿ ಹೊಟ್ಟೆಯಲ್ಲಿ ಮೂವತ್ತೆಂಟು

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ಸಿರುಗುಪ್ಪದ ಒಂದು ಚಿಕ್ಕ ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆ ತಜ್ಞೆಯಾಗಿದ್ದೆ. ಮನೆ ಬಳ್ಳಾರಿಯಲ್ಲಿ. ಅದಕ್ಕೂ ಮೊದಲು ಕುರುಗೋಡಿನಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದರಿಂದ ಈ ಭಾಗದ ಹೆಂಗಸರಿಗೆ ನನ್ನ ಜೋರು ಬಾಯಿಯ ಪರಿಚಯ ಚೆನ್ನಾಗಿಯೇ ಇತ್ತು. ಬೈದರೂ ಬಿಡಿಸಿ ಹೇಳುತ್ತಾಳೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಬರುತ್ತಿದ್ದರು. ವೃತ್ತಿಯಲ್ಲಿ ರಕ್ತಸ್ರಾವ, ಫಿಟ್ಸ್, ಅಡ್ಡ ತಿರುಗಿದ ಕೂಸು ಎಲ್ಲವನ್ನೂ ಕಂಡವಳು ನಾನು. ಆದರೆ ನಾನು ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಒಂದು ಸಾಮಾನ್ಯ ರಕ್ತಪರೀಕ್ಷೆಯ ಬೆಳಿಗ್ಗೆ.

ಆ ಪರೀಕ್ಷೆಗೆ ಗ್ಲೂಕೋಸ್ ಟಾಲರೆನ್ಸ್ ಟೆಸ್ಟ್ ಎನ್ನುತ್ತಾರೆ, ಚಿಕ್ಕದಾಗಿ ಜಿ.ಟಿ.ಟಿ. ಬಸುರಿಯರಲ್ಲಿ ಕೆಲವರಿಗೆ ಆರನೇ ತಿಂಗಳ ಹೊತ್ತಿಗೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಮಗುವಿಗೆ ಅಪಾಯ. ಅದಕ್ಕಾಗಿ ರಾತ್ರಿ ಊಟವಾದ ಮೇಲೆ ನೀರು ಬಿಟ್ಟು ಏನೂ ತೆಗೆದುಕೊಳ್ಳದೆ ಬೆಳಿಗ್ಗೆ ಬರಲು ಹೇಳುತ್ತೇವೆ. ಖಾಲಿ ಹೊಟ್ಟೆಯ ರಕ್ತ ತೆಗೆದು, ಎಪ್ಪತ್ತೈದು ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಕುಡಿಸಿ, ಎರಡು ಗಂಟೆ ಕೂರಿಸಿ ಮತ್ತೆ ರಕ್ತ ತೆಗೆಯುತ್ತೇವೆ. ಅದರ ಹಿಂದಿನ ದಿನಗಳಲ್ಲಿ ಎಂದಿನಂತೆ ಊಟ ಮಾಡಬೇಕು. ಆದರೆ ಹೇಳುವವರು ನಾವೊಬ್ಬರೇ ಅಲ್ಲವಲ್ಲ. ಭತ್ತದ ನಾಡಿನಲ್ಲಿ ಹುಟ್ಟಿ ವಾರಗಟ್ಟಲೆ ಅನ್ನ ಬಿಟ್ಟವರು, ಮೆಂತ್ಯದ ನೀರು ಕುಡಿದವರು, ಹಾಗಲಕಾಯಿ ರಸ ಕುಡಿದು ನನ್ನ ಮೇಜಿನ ಮೇಲೆಯೇ ವಾಂತಿ ಮಾಡಿದವರು, ಎಲ್ಲರೂ ಬಂದಿದ್ದಾರೆ. ಪಾಸಾಗಬೇಕೆಂಬ ಹಟ ಅವರಿಗೆ.

ಶಬಾನಾ ಸಿರುಗುಪ್ಪದ ಹತ್ತಿರದ ಕರೂರಿನ ಸೊಸೆ, ಕುರುಗೋಡಿನ ಮಗಳು. ಗಂಡ ಖಾಜಾ ಭತ್ತ ಕೊಯ್ಯುವ ಮಷಿನ್ನಿನ ಡ್ರೈವರ್, ಸುಗ್ಗಿ ಬಂತೆಂದರೆ ಮನೆ ಕಡೆ ತಲೆ ಹಾಕುತ್ತಿರಲಿಲ್ಲ. ಹೀಗಾಗಿ ತಪಾಸಣೆಗೆ ಅತ್ತೆ ಮಾಬುಬಿಯೇ ಕರೆತರುತ್ತಿದ್ದಳು. ಶಬಾನಾಳ ಚೊಚ್ಚಲ ಮಗು ದಿನ ತುಂಬುವ ಹೊತ್ತಿಗೆ ಹೊಟ್ಟೆಯಲ್ಲೇ ತೀರಿಹೋಗಿತ್ತು. ಆ ಬಸುರಿನಲ್ಲಿ ಸಕ್ಕರೆ ಪರೀಕ್ಷೆ ಆಗಿರಲಿಲ್ಲ. ಮಗು ದೊಡ್ಡದಿತ್ತು ಎಂದು ಕೇಳಿದೊಡನೆ ನನಗೆ ಅನುಮಾನ ಬಂದು, ಈ ಸಲ ಜಿ.ಟಿ.ಟಿ. ಬಿಡುವಂತಿಲ್ಲ ಎಂದೆ. ಸಕ್ಕರೆ ಬಂದರೆ ಏನು ಮಾಡುತ್ತೀರಿ ಎಂದು ಶಬಾನಾ ಕೇಳಿದಳು. ಪಥ್ಯ, ಅದರಿಂದ ಇಳಿಯದಿದ್ದರೆ ಇನ್ಸುಲಿನ್ ಸೂಜಿ ಎಂದೆ. ಸೂಜಿ ಎಂದಿದ್ದೇ ತಡ ಹುಡುಗಿ ಅಳಲು ಶುರು ಮಾಡಿದಳು. ಮಾಬುಬಿ ಸೊಸೆಯ ಬೆನ್ನು ಸವರುತ್ತಾ ನನ್ನನ್ನೇ ನೋಡುತ್ತಿದ್ದಳು.

ಗೊತ್ತು ಮಾಡಿದ ದಿನ ಇಬ್ಬರೂ ಕರೂರಿನಿಂದ ಬೆಳಗಿನ ಬಸ್ಸಿಗೆ ಬಂದರು. ನಾನು ಒಳಗೆ ಮತ್ತೊಬ್ಬರನ್ನು ನೋಡುತ್ತಿದ್ದೆ. ನರ್ಸ್ ಸರೋಜಾ ಓಡಿ ಬಂದು, ಶಬಾನಾ ಏನೇನೋ ತೊದಲುತ್ತಿದ್ದಾಳೆ, ಮೈಯೆಲ್ಲ ಬೆವರು, ಗ್ಲೂಕೋಸ್ ಇನ್ನೂ ಕೊಟ್ಟಿಲ್ಲ ಎಂದಳು. ನಾನು ಹೋಗುವಷ್ಟರಲ್ಲಿ ಶಬಾನಾ ಬೆಂಚಿನ ಮೇಲೆ ಒರಗಿಬಿಟ್ಟಿದ್ದಳು. ಹೆಸರು ಹಿಡಿದು ಕೂಗಿದರೆ ಕಣ್ಣು ತೆರೆಯಲಿಲ್ಲ. ಬೆರಳಿಗೆ ಚುಚ್ಚಿ ಗ್ಲೂಕೋಮೀಟರಿನಲ್ಲಿ ನೋಡಿದರೆ ಮೂವತ್ತೆಂಟು! ಬೆಳಗಿನ ಖಾಲಿ ಹೊಟ್ಟೆಯಲ್ಲಿ ಬಸುರಿಗೆ ಎಪ್ಪತ್ತರ ಆಸುಪಾಸು ಇರುತ್ತದೆ. ಸಕ್ಕರೆ ಹೆಚ್ಚಿದೆಯೇನೋ ಎಂದು ಕರೆಸಿದವಳಿಗೆ ಮಿದುಳು ನಡೆಯುವಷ್ಟೂ ಸಕ್ಕರೆ ಇರಲಿಲ್ಲ.

ರಕ್ತನಾಳಕ್ಕೆ ನೇರವಾಗಿ ಡೆಕ್ಸ್‌ಟ್ರೋಸ್, ಅಂದರೆ ಗಟ್ಟಿ ಗ್ಲೂಕೋಸ್ ದ್ರಾವಣ ಕೊಟ್ಟೆವು. ಸರೋಜಾ ಮಗುವಿನ ಎದೆಬಡಿತ ಕೇಳಲು ಡಾಪ್ಲರ್ ಹಿಡಿದಳು. ಮಷಿನ್ ಬರೀ ಗರಗರ ಎನ್ನುತ್ತಿತ್ತು, ಬಡಿತ ಸಿಗಲಿಲ್ಲ. ನಾನು ಅವಳ ಕೈಯಿಂದ ಅದನ್ನು ಕಸಿದುಕೊಂಡು ಹೊಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹುಡುಕಿದೆ. ಒಂದು ಕೂಸು ಕಳೆದುಕೊಂಡವಳು, ಎರಡನೆಯದು ನನ್ನ ಕೈಯಲ್ಲಿ ಹೋಯಿತೇ ಎಂದುಕೊಂಡೆ. ಆಮೇಲೆ ಎಡಗಡೆ ಕೆಳಗೆ ಸಿಕ್ಕಿತು, ಓಡುವ ಕುದುರೆಯ ಹಾಗೆ ಬಡಿತ. ಶಬಾನಾ ಕಣ್ಣು ಬಿಟ್ಟು ನೀರು ಕೇಳಿದಳು.

ಉಪವಾಸಕ್ಕೆ ತಲೆ ತಿರುಗಿರಬೇಕು, ಇನ್ನು ಬಸ್ ಹಿಡಿದು ಊರಿಗೆ ಹೋಗುತ್ತೇವೆ ಎಂದು ಮಾಬುಬಿ ಅವಸರ ಮಾಡಿದಳು. ನನಗೆ ನಂಬಿಕೆ ಬರಲಿಲ್ಲ. ಬಸುರಾಗುವ ಮೊದಲು ರಂಜಾನ್ ತಿಂಗಳಿಡೀ ರೋಜಾ ಉಪವಾಸ ಹಿಡಿದೂ ಹೊಲದ ಕೆಲಸ ಮಾಡುತ್ತಿದ್ದೆ ಎಂದು ಶಬಾನಾಳೇ ಹಿಂದೆ ಹೇಳಿದ್ದಳು. ಬಸುರಿಯಾದರೂ ಒಂದು ರಾತ್ರಿಯ ಉಪವಾಸಕ್ಕೆ ಯಾರೂ ಮೂವತ್ತೆಂಟಕ್ಕೆ ಇಳಿಯುವುದಿಲ್ಲ. ಏನಾದರೂ ಮಾತ್ರೆ ತೆಗೆದುಕೊಂಡೆಯಾ ಎಂದು ಕೇಳಿದೆ. ಶಬಾನಾ ಅತ್ತೆಯ ಮುಖ ನೋಡಿ, ಇಲ್ಲವೆಂದು ತಲೆಯಾಡಿಸಿದಳು.

ತಿಂಡಿ ತಿನ್ನಿಸಿ ಅಲ್ಲೇ ಮಲಗಿಸಿದೆವು. ಒಂದು ಗಂಟೆಯ ಮೇಲೆ ಅವಳ ಹಣೆ ಮತ್ತೆ ಬೆವರಿತು. ಈ ಸಲ ನಲವತ್ತಾರು. ಮತ್ತೆ ಡೆಕ್ಸ್‌ಟ್ರೋಸ್ ಕೊಟ್ಟು, ಡ್ರಿಪ್ ಹಚ್ಚಿದೆ. ಮೊದಲ ಸಲಕ್ಕಿಂತ ಈಗ ಹೆಚ್ಚು ಹೆದರಿಕೆಯಾಯಿತು. ಕೊಟ್ಟ ಸಕ್ಕರೆಯನ್ನೆಲ್ಲ ಒಳಗೆ ಯಾವುದೋ ನುಂಗಿಹಾಕುತ್ತಿತ್ತು, ಅದು ಯಾವುದೆಂದು ನನಗೆ ಗೊತ್ತಿರಲಿಲ್ಲ. ಇವಳು ಆ ಬಸ್ಸಿಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ದಾರಿಯಲ್ಲಿ ಎಚ್ಚರ ತಪ್ಪಿರುತ್ತಿದ್ದಳು.

ಮಾಬುಬಿಯನ್ನು ನನ್ನ ಕೋಣೆಗೆ ಕರೆದೆ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕೆಂದು ನಾಲಿಗೆ ತುದಿಯವರೆಗೆ ಬಂದಿತ್ತು. ಆದರೆ ಅವಳು ಕುರ್ಚಿಯಲ್ಲಿ ಕೂರದೆ ಗೋಡೆಗೆ ಆತು ನಿಂತು, ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಿದ್ದಳು. ಬೈದರೆ ಈಕೆ ಇನ್ನೂ ಬಾಯಿ ಬಿಗಿದುಕೊಳ್ಳುತ್ತಾಳೆ ಅನ್ನಿಸಿತು.

"ಅಮ್ಮಾ, ನಾ ಬೈಯಾಂಗಿಲ್ಲ," ಎಂದೆ. "ಅಕಿ ಹೊಟ್ಟಿಗೆ ಏನೋ ಹೋಗೈತಿ. ಅದು ಏನಂತ ತಿಳೀಲಿಲ್ಲಂದ್ರ ನಾ ಏನು ಮಾಡ್ಲಿ? ನನಗೂ ಅಂಜಿಕಿ ಆಗೈತಿ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಡಾಕ್ಟರ ಬಾಯಲ್ಲಿ ಆ ಮಾತು ಅವಳು ಎಂದೂ ಕೇಳಿರಲಿಕ್ಕಿಲ್ಲ. ಸೆರಗಿನ ಗಂಟು ಬಿಚ್ಚಿ ಅರ್ಧ ಖಾಲಿಯಾದ ಒಂದು ಮಾತ್ರೆ ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

"ನನ್ನ ಸಕ್ರಿ ಗುಳಿಗಿ ಅಮ್ಮಾ. ರಾತ್ರಿ ಒಂದು ಕೊಟ್ಟೆ, ಬಸ್ ಹತ್ತೂ ಮುಂದ ಒಂದು. ನಾ ದಿನಾ ನುಂಗತೀನಿ, ನನಗ ಏನೂ ಆಗಂಗಿಲ್ಲ. ಸಕ್ರಿ ಇಲ್ಲಂತ ಬರ್ಲಿ, ಹುಡುಗಿಗಿ ಸೂಜಿ ತಪ್ಲಿ ಅಂತ ಕೊಟ್ಟೆ."

ಅದು ಮೇದೋಜೀರಕವನ್ನು ಹಿಂಡಿ ಇನ್ಸುಲಿನ್ ಹೊರಡಿಸುವ ಮಾತ್ರೆ. ಮಾಬುಬಿ ಅದನ್ನು ನುಂಗಿ ಎರಡು ರೊಟ್ಟಿ ತಿನ್ನುತ್ತಿದ್ದಳು. ಶಬಾನಾ ಬರೀ ಹೊಟ್ಟೆಯಲ್ಲಿ ನುಂಗಿದ್ದಳು. ಅದರ ಪ್ರಭಾವ ಒಂದು ದಿನದವರೆಗೂ ಉಳಿಯಬಹುದು. ಹೆಸರು ತಿಳಿದದ್ದೇ ನನ್ನ ಅರ್ಧ ಜೀವ ಮರಳಿ ಬಂತು, ಏಕೆಂದರೆ ಎಷ್ಟು ಹೊತ್ತು ಕಾಯಬೇಕೆಂಬುದು ಗೊತ್ತಾಯಿತು. ಮರುದಿನದವರೆಗೆ ಡ್ರಿಪ್ ಬಿಡಲಿಲ್ಲ, ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡಿದೆವು. ಆ ಚುಚ್ಚುವಿಕೆಗೆ ಶಬಾನಾ ಒಮ್ಮೆಯೂ ಅಳಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಅತ್ತೆಯನ್ನು ಬೈಯುತ್ತೀರಿ ಎಂದು ಸುಮ್ಮನಿದ್ದೆ ಎಂದಳು. ನನ್ನ ಬಾಯಿಯ ಕೀರ್ತಿ ಹಾಗಿತ್ತು.

ಕೆಲವು ದಿನ ಬಿಟ್ಟು, ಯಾವ ಮಾತ್ರೆಯೂ ಇಲ್ಲದೆ, ಎಂದಿನ ಅನ್ನ ಉಣ್ಣಿಸಿ ಜಿ.ಟಿ.ಟಿ. ಮಾಡಿದೆವು. ಖಾಲಿ ಹೊಟ್ಟೆಯಲ್ಲಿ ನೂರಾ ಒಂದು, ಗ್ಲೂಕೋಸ್ ಕುಡಿದ ಎರಡು ಗಂಟೆಗೆ ನೂರಾ ಎಂಬತ್ತೆರಡು. ಅಂದರೆ ಸಕ್ಕರೆ ಇತ್ತು. ಆ ದಿನ ಮಾತ್ರೆಯ ಪ್ರಮಾಣ ಇನ್ನಷ್ಟು ಸಣ್ಣದಿದ್ದು, ಶಬಾನಾ ಎಚ್ಚರ ತಪ್ಪದೆ ಕೂತಿದ್ದರೆ, ಎಲ್ಲ ಸರಿಯಿದೆ ಎಂದು ನಾನೇ ನಗುತ್ತಾ ಮನೆಗೆ ಕಳುಹಿಸುತ್ತಿದ್ದೆ. ಎರಡನೆಯ ಕೂಸೂ ಮೊದಲನೆಯದರ ದಾರಿ ಹಿಡಿಯುತ್ತಿತ್ತೇನೋ.

ಪಥ್ಯದಿಂದ ಸಕ್ಕರೆ ಇಳಿಯಲಿಲ್ಲ, ಇನ್ಸುಲಿನ್ ಬೇಕಾಯಿತು. ಸೂಜಿ ಹಾಕುವುದನ್ನು ಸರೋಜಾ ಹೇಳಿಕೊಡುವ ದಿನ ಮಾಬುಬಿ ಬಾಗಿಲ ಹೊರಗೇ ನಿಂತಿದ್ದಳು. ಆ ಘಟನೆಯ ನಂತರ ಕಬ್ಬಿಣಾಂಶದ ಮಾತ್ರೆಯನ್ನು ಕೂಡ ಅವಳು ಸೊಸೆಯ ಕೈಗೆ ಕೊಡುತ್ತಿರಲಿಲ್ಲವಂತೆ. ಶಬಾನಾಳೇ ಕಲಿತುಕೊಳ್ಳಲಿ ಎಂದು ನಾನು ಸಿರಿಂಜನ್ನು ಅವಳ ಕಡೆ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. ಬಾಗಿಲ ಕಡೆ ತಿರುಗಿ ಕರೆದಳು.

"ಅತ್ತಿ, ಒಳಗ ಬರ್ರಿ. ನೀವ ಹಾಕ್ರಿ. ನೀವಾದ್ರ ನನಗ ಅಂಜಿಕಿ ಆಗಂಗಿಲ್ಲ."

ಮಾಬುಬಿ ಕೈ ತೊಳೆದು ಬಂದಳು. ಅಳುತ್ತಲೇ ಹಾಕಿದಳು, ಸರಿಯಾಗಿ ಹಾಕಿದಳು. ಮುಂದೆ ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯಾಗುವವರೆಗೂ ಆ ಕೆಲಸ ಅವಳದೇ ಆಗಿತ್ತು. ಹೆಣ್ಣು ಮಗು, ಹುಟ್ಟಿದ ಕೂಡಲೇ ಆಸ್ಪತ್ರೆಯೆಲ್ಲ ಕೇಳುವ ಹಾಗೆ ಅತ್ತಿತಂತೆ.

ಈಗ ಜಿ.ಟಿ.ಟಿ.ಗೆ ಬರುವವರಿಗೆ ಮನೆಯಲ್ಲಿ ಯಾರ ಮಾತ್ರೆಯನ್ನೂ ಮುಟ್ಟಬೇಡಿ ಎಂದು ತಪ್ಪದೆ ಹೇಳುತ್ತೇನೆ. ಅದಕ್ಕೂ ಮೊದಲು, ನಿಮಗೆ ಯಾವುದರ ಅಂಜಿಕೆ ಎಂದು ಕೇಳಿ, ಜೊತೆಗೆ ಬಂದವರ ಉತ್ತರ ಬರುವವರೆಗೆ ಬಾಯಿ ಮುಚ್ಚಿ ಕೂರುತ್ತೇನೆ. ನನ್ನಂಥವಳಿಗೆ ಅದನ್ನು ಕಲಿಯುವುದು ಸುಲಭವಿರಲಿಲ್ಲ. ಹೆದರಿದವರು ಡಾಕ್ಟರಿಗೆ ನಿಜ ಹೇಳುವುದಿಲ್ಲ, ಅವರಿಗಿಂತ ಡಾಕ್ಟರ್ ಹೆಚ್ಚು ಹೆದರಿದ್ದಾಳೆಂದು ಗೊತ್ತಾಗುವವರೆಗೆ.