ಎರಡನೇ ಸಾಲಿನ ಪಿಟೀಲು

ಹಳೇಬೀಡಿನಲ್ಲಿ ಬಸ್ಸಿನಿಂದ ಇಳಿಯುವಾಗ ಜಾರಿ ಬಿದ್ದು ನನ್ನ ಎಡಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಆದರೆ ಬೆರಳುಗಳು ಮೊದಲಿನಂತೆ ಆಡಲಿಲ್ಲ. ಅಲ್ಲಿನ ಶಾಲೆಯಲ್ಲಿ ನಾನು ಗುಮಾಸ್ತೆ. ಆ ಕೆಲಸಕ್ಕೇನೂ ಅಡ್ಡಿಯಾಗಲಿಲ್ಲ. ಅಡ್ಡಿಯಾದದ್ದು ಪಿಟೀಲಿಗೆ. ಬೇಲೂರಿನ ನಮ್ಮ ಮನೆಯಲ್ಲಿ ಏಳನೇ ವಯಸ್ಸಿನಿಂದ ಅಪ್ಪನೇ ನನಗೆ ಕಲಿಸಿದ್ದರು. ಗಮಕಕ್ಕೆ ಬೆರಳು ತಂತಿಯ ಮೇಲೆ ಜಾರಬೇಕು, ತೂಗಬೇಕು. ನನ್ನವು ಇಟ್ಟಲ್ಲೇ ನಿಲ್ಲುತ್ತಿದ್ದವು. ಕೊನೆಗೆ ಪಿಟೀಲನ್ನು ಪೆಟ್ಟಿಗೆಗೆ ಹಾಕಿ ಬೀರುವಿನ ಮೇಲಿಟ್ಟೆ. ಅಪ್ಪ ನೋಡುತ್ತಿದ್ದರು.

ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು. ಒಂದು ದಿನ ನನ್ನ ಫೋನಿಗೆ ಹತ್ತೊಂಬತ್ತನೇ ಶತಮಾನದ ಎರಡು ಸಿಂಫನಿಗಳ ರೆಕಾರ್ಡಿಂಗ್ ಹಾಕಿಕೊಟ್ಟರು. ದೊಡ್ಡ ವಾದ್ಯಮೇಳ ನುಡಿಸುವುದನ್ನು ಇಲ್ಲಿ ಚಿಕ್ಕ ತಂಡ ನುಡಿಸಿದೆ, ಅದಕ್ಕೇ ಒಳಗಿನ ಒಂದೊಂದು ದನಿಯೂ ಕೇಳುತ್ತದೆ ಎಂದರು.

ಮೊದಮೊದಲು ನನಗೆ ಕೇಳಿದ್ದು ಬರೀ ಗದ್ದಲ. ಆದರೂ ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಗೆ ಹತ್ತಿರದ ಬಸ್ತಿಹಳ್ಳಿಯ ಬಸದಿಯ ಜಗಲಿಯಲ್ಲಿ ಕೂತು ದಿನವೂ ಕೇಳಿದೆ. ಒಂದು ದಿನ, ಮೊದಲನೇ ಸಿಂಫನಿಯ ನಿಧಾನವಾದ ಭಾಗದಲ್ಲಿ, ಮುಂದಿನ ಸಾಲಿನವರ ಧಾಟಿಯ ಕೆಳಗೆ ಎರಡನೇ ಸಾಲಿನ ಪಿಟೀಲುಗಳು ಬೇರೆಯಾಗಿ ಕೇಳಿಸಿದವು. ಉದ್ದುದ್ದ ಸ್ವರಗಳು, ಗಮಕವೇ ಇಲ್ಲ. ಇದು ನನ್ನ ಕೈಗೆ ಬರುತ್ತದೆ ಅನ್ನಿಸಿತು. ಅಂದೇ ಸಂಜೆ ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿದೆ.

ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನಾಲ್ಕು ನಾಲ್ಕು ಸ್ವರ ಹೆಕ್ಕಿ ನೋಟ್‌ಬುಕ್ಕಿನಲ್ಲಿ ಸರಿಗಮದಲ್ಲೇ ಬರೆದುಕೊಂಡೆ. ಆ ತಂಡದ ಶ್ರುತಿ ನಮ್ಮದಕ್ಕಿಂತ ಮೇಲೆ. ನನ್ನ ಪಿಟೀಲನ್ನು ಅಷ್ಟಕ್ಕೆ ಏರಿಸಲು ಹೋಗಿ ಎರಡು ತಂತಿ ಕಿತ್ತುಹೋದವು. ಭಾನುವಾರ ಅರಸೀಕೆರೆಗೆ ಹೋಗಿ, ವಾದ್ಯ ರಿಪೇರಿ ಮಾಡುವವರಿಂದ ಹೊಸ ತಂತಿ ತಂದೆ. ಮತ್ತೆ ಏರಿಸಿದೆ.

ವಾರಗಟ್ಟಲೆ ಸಹಿಸಿಕೊಂಡಿದ್ದ ಅಪ್ಪ ಒಮ್ಮೆ ಕೇಳಿಯೇಬಿಟ್ಟರು. "ಇದೇನಮ್ಮ, ಒಂದೇ ಸ್ವರ ಎಳೀತಾ ಕೂತಿರ್ತೀಯ? ಇದರಲ್ಲಿ ಸಂಗೀತ ಎಲ್ಲಿದೆ?"

"ನಂಗೂ ಪೂರ್ತಿ ಗೊತ್ತಿಲ್ಲ ಅಪ್ಪ. ಆದರೆ ಮುಗಿಸೋವರೆಗೂ ಬಿಡಲ್ಲ," ಎಂದೆ.

ಮಳೆಗಾಲ ಕಳೆಯುವ ಹೊತ್ತಿಗೆ ಆ ಭಾಗವಿಡೀ ಕೈಗೆ ಕೂತಿತು. ಒಂದು ಬೆಳಿಗ್ಗೆ ಸ್ಪೀಕರಿನಲ್ಲಿ ರೆಕಾರ್ಡಿಂಗ್ ಹಾಕಿ, ಜೊತೆಗೆ ನುಡಿಸಿದೆ. ಎರಡು ಕಡೆ ತಪ್ಪಿದೆ, ಆದರೆ ತಂಡದ ಕೈ ಬಿಡಲಿಲ್ಲ. ಕೊನೆ ಮುಟ್ಟುವ ಸ್ವಲ್ಪ ಮುಂಚೆ, ನೋವಿಗೆ ಮಣಿಕಟ್ಟು ಹಿಡಿದುಕೊಂಡು ನಾನು ನಿಲ್ಲಿಸಿದಾಗ, ಕಣ್ಣು ಮುಚ್ಚಿ ಕೂತಿದ್ದ ಅಪ್ಪ ತಲೆಯೆತ್ತಿದರು.

"ಯಾಕೆ ಬಿಟ್ಟೆ? ನೀನು ಬಿಟ್ಟ ತಕ್ಷಣ ಕೆಳಗಡೆ ಖಾಲಿ ಆಯ್ತಲ್ಲಮ್ಮ."

ಕೈಗೆ ಎಣ್ಣೆ ತಿಕ್ಕಿಕೊಂಡು ರೆಕಾರ್ಡಿಂಗನ್ನು ಮೊದಲಿನಿಂದ ಹಾಕಿದೆ. ಈ ಸಲ ಕೊನೆಯ ಸ್ವರದವರೆಗೂ ಕಮಾನು ಎತ್ತಲಿಲ್ಲ.

ಈಗ ಅದರ ಮುಂದಿನ ಭಾಗ ಬರೆದುಕೊಳ್ಳುತ್ತಿದ್ದೇನೆ. ಅದು ಬಲು ವೇಗದ್ದು. ಅರ್ಧ ವೇಗದಲ್ಲಿ ಶುರು ಮಾಡು ಎಂದು ಅಪ್ಪ ಹೇಳಿದ್ದಾರೆ. ತಾಳ ಅವರೇ ಹಾಕುತ್ತಾರೆ.