ಮೂರನೇ ಕ್ವಾರ್ಟರ್‌ನ ಮೂಲ ಕಾರಣ

ನಾಗಭೂಷಣ ಅಂಕಲ್ ಯಾರನ್ನೂ ‘ಚೆನ್ನಾಗಿದ್ದೀರಾ’ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಚಿಕಾಗೋ ಪಕ್ಕದ ನೇಪರ್‌ವಿಲ್‌ನ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ನನಗೆ ಅವರ ಪರಿಚಯವಾಯಿತು. ನಾನು ಪ್ರಸಾದ ಹಿಡಿದುಕೊಂಡು ಕೂರಲು ಜಾಗ ಹುಡುಕುತ್ತಿದ್ದೆ. ಪಂಚೆಯ ಮೇಲೆ ಚಳಿಗಾಲದ ಜಾಕೆಟ್ ತೊಟ್ಟ ದಪ್ಪ ಮೀಸೆಯ ಒಬ್ಬರು ನನ್ನ ಕಡೆ ತಿರುಗಿ, ವರ್ಷಗಳಿಂದ ಬಲ್ಲವರ ಹಾಗೆ ಕೇಳಿದರು:

“ಒಂದೇ ಒಂದು ಮ್ಯಾಚ್ ಆಡಿ, ಒಂದೇ ಒಂದು ಸಲ ಚೆಂಡು ಒದ್ದು, ಅದೂ ಗೋಲಾಗಿ, ಆಮೇಲೆ ಜನ್ಮದಲ್ಲಿ ಟೀಮಿಗೆ ವಾಪಸ್ ಬರದೇ ಇರೋರು ಇದ್ದಾರೆ. ಗೊತ್ತಾ ನಿಮಗೆ?”

ಗೊತ್ತಿಲ್ಲ ಎಂದೆ.

“ಇದ್ದಾರೆ. ನೂರಕ್ಕೆ ನೂರು ರಿಸಲ್ಟು. ಆದ್ರೂ ಮನೆಗೆ ಕಳಿಸಿಬಿಟ್ರು,” ಎಂದು ಪ್ರಸಾದ ಬಾಯಿಗೆ ಹಾಕಿಕೊಂಡರು. ನನ್ನ ಹೆಸರು ಕೇಳಿದ್ದು ಅದಾದ ಮೇಲೆ.

ಮೈಸೂರಿನ ಸರಸ್ವತಿಪುರಂನವರು. ಚಿಕಾಗೋಗೆ ಬರುವ ಮುಂಚೆ ನಾಲ್ಕು ವರ್ಷ ಮೆಲ್ಬರ್ನ್‌ನಲ್ಲಿ ಎಂಜಿನಿಯರ್ ಆಗಿದ್ದರಂತೆ. ಬೇರೆಯವರು ಪರದೇಶದಿಂದ ಸಾಮಾನು ತಂದರೆ ಇವರು ಆಸ್ಟ್ರೇಲಿಯಾದ ಫುಟ್‌ಬಾಲಿನ ಹುಚ್ಚು ತಂದಿದ್ದರು. ಆಡುವ ಹುಚ್ಚಲ್ಲ, ಅದರ ವಿಚಿತ್ರ ದಾಖಲೆಗಳ ಹುಚ್ಚು. ಮೈದಾನ ಮೊಟ್ಟೆಯ ಆಕಾರ, ಚೆಂಡೂ ಮೊಟ್ಟೆಯ ಆಕಾರ, ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಪಾಯಿಂಟು. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೂ ಒಂದು ಪಾಯಿಂಟು. ಈ ಕೊನೆಯ ನಿಯಮ ಹೇಳುವಾಗ ಅಂಕಲ್ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ತಪ್ಪಿದ್ರೂ ಒಂದು ಮಾರ್ಕು ಕೊಡ್ತಾರೆ ಕಣಯ್ಯಾ! ನಮ್ಮ ಲೆಕ್ಕದ ಮೇಷ್ಟ್ರಿಗೆ ಈ ಬುದ್ಧಿ ಇದ್ದಿದ್ರೆ ಅರ್ಧ ಮೈಸೂರು ಪಾಸಾಗಿರೋದು.”

ದಾಖಲೆ ಬರೆಯುವುದು ಅವರಿಗೆ ಆಟಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಡೆವನ್ ಅವೆನ್ಯೂಗೆ ತೊಗರಿಬೇಳೆ ತರಲು ಹೋದರೆ, ಪಾರ್ಕಿಂಗ್ ಸಿಗುವವರೆಗೆ ಎಷ್ಟು ಸುತ್ತು ಸುತ್ತಿದೆವೆಂದು ಒಂದು ಚೀಟಿಯಲ್ಲಿ ಬರೆಯುತ್ತಿದ್ದರು. ಮಂತ್ರದ ನಡುವೆ ಪುರೋಹಿತರು ಎಷ್ಟು ಸಲ ಫೋನ್ ಎತ್ತಿದರೆಂಬುದಕ್ಕೂ ಅವರಲ್ಲಿ ಲೆಕ್ಕವಿತ್ತು. ಪುರೋಹಿತರಿಗೆ ಅದು ಗೊತ್ತಾಗಿ ಅಂಕಲ್ ಇದ್ದ ಕಡೆ ಫೋನ್ ಆಫ್ ಮಾಡುವ ಅಭ್ಯಾಸವಾಯಿತು. ಊರಿಗೆ ಅದೊಂದು ಉಪಕಾರ.

ಅವರ ಉದ್ಯೋಗವೂ ಹಾಗೇ ಇತ್ತು. ಎಲ್ಕ್ ಗ್ರೋವ್ ವಿಲೇಜಿನ ಒಂದು ಕಾರ್ಖಾನೆಯಲ್ಲಿ, ಡೆಟ್ರಾಯ್ಟ್‌ಗೆ ಹೋಗುವ ಕಾರಿನ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಕೆಲಸ. ದೋಷ ಕಂಡರೆ ಮೂಲ ಹುಡುಕಬೇಕು. “ಐದು ಸಲ ಯಾಕೆ ಅಂತ ಕೇಳು. ಐದನೇ ಸಲಕ್ಕೆ ನಿಜ ತಾನಾಗಿ ಹೊರಗೆ ಬರತ್ತೆ,” ಎನ್ನುವುದು ಅವರ ಉಪದೇಶ. ಅವರ ಹೆಂಡತಿ ವಿಮಲಾ ಆಂಟಿಗೆ ಈ ಉಪದೇಶ ಸಾಕುಸಾಕಾಗಿತ್ತು. “ಸಾರಿಗೆ ಉಪ್ಪು ಜಾಸ್ತಿಯಾದ್ರೂ ಐದು ಸಲ ಯಾಕೆ ಅಂತಾರೆ ಕಣೋ. ಮೂರನೇದಕ್ಕೇ ನಾನು ಸೌಟು ತೋರಿಸ್ತೀನಿ,” ಎನ್ನುತ್ತಿದ್ದರು.

ಆಮೇಲೆ ರಿಸೆಶನ್ ಬಂತು. ಡೆಟ್ರಾಯ್ಟ್‌ನಲ್ಲಿ ಕಾರು ಮಾಡುವವರೇ ಕೈ ಕಟ್ಟಿ ಕೂತಾಗ ಬಿಡಿಭಾಗ ಯಾರಿಗೆ ಬೇಕು? ಅಂಕಲ್ ಕಾರ್ಖಾನೆ ಮೊದಲು ವಾರಕ್ಕೆ ಮೂರು ದಿನವಾಯಿತು, ಆಮೇಲೆ ಅವರ ವಿಭಾಗವನ್ನೇ ತೆಗೆದರು. ಅದೇ ತಿಂಗಳು ನನ್ನ ಪ್ರಾಜೆಕ್ಟೂ ನಿಂತು ಕೆಲಸ ಹೋಯಿತು. ನಾನು ಸಪ್ಪೆ ಮುಖ ಹಾಕಿಕೊಂಡು ಅವರ ಮನೆಗೆ ಹೋದಾಗ ಅಂಕಲ್ ನನಗೆ ಸಮಾಧಾನ ಹೇಳಿದ ರೀತಿ ಇದು:

“ಇಡೀ ಮ್ಯಾಚಲ್ಲಿ ಒಂದೇ ಒಂದು ಪಾಯಿಂಟ್ ತಗೊಂಡ ಟೀಮಿದೆ ಕಣಯ್ಯಾ. ಗೋಲಿಲ್ಲ ಏನಿಲ್ಲ, ಒಂದು. ಮುಂದಿನ ಮ್ಯಾಚಿಗೆ ಅವರು ಬರಲಿಲ್ವಾ? ಬಂದ್ರು. ನೀನೇನು ಅವರಿಗಿಂತ ಕಡೆಯಾ?”

ನಗು ಬಂತು. ಆದರೆ ಅವರು ತಮಗೆ ತಾವು ಈ ಮಾತು ಹೇಳಿಕೊಂಡ ಹಾಗೆ ಕಾಣಲಿಲ್ಲ.

ಭಾನುವಾರಗಳಲ್ಲಿ ನೇಪರ್‌ವಿಲ್‌ನ ಒಂದು ಪಾರ್ಕಿನಲ್ಲಿ ಚಿಕಾಗೋದ ಆಸ್ಟ್ರೇಲಿಯನ್ನರ ಸಣ್ಣ ಟೀಮೊಂದು ಆಡುತ್ತಿತ್ತು. ಅಂಕಲ್ ಅದರ ಸ್ಕೋರ್ ಬರೆಯುವವರು, ಕಂಬದ ಬಳಿ ನಿಂತು ಬಾವುಟ ಬೀಸಿ ಗೋಲು ಸಾರುವವರೂ ಅವರೇ. ಆ ಆಟದ ಹಳೆಯ ಪದ್ಧತಿಯಂತೆ ಬಿಳಿ ಕೋಟು ಬೇಕು. ಅಂಕಲ್ ಕಾರ್ಖಾನೆಯ ಬಿಳಿ ಕೋಟನ್ನೇ ಹಾಕಿಕೊಳ್ಳುತ್ತಿದ್ದರು. ಕಂಬಗಳು ಪ್ಲಾಸ್ಟಿಕ್ ಪೈಪಿನವು, ಅದೂ ಅವರದೇ ತಯಾರಿ. ರಿಸೆಶನ್ ಬಂದು ಆಸ್ಟ್ರೇಲಿಯನ್ನರು ಒಬ್ಬೊಬ್ಬರಾಗಿ ಊರಿಗೆ ಹೊರಟಾಗ ಟೀಮಿಗೆ ಜನ ಸಾಲದಾಯಿತು. ಆಗ ಅಂಕಲ್ ಕನ್ನಡ ಕೂಟದ ಕೆಲಸವಿಲ್ಲದವರನ್ನೆಲ್ಲ ಹಿಡಿದು ತಂದರು. ನಾನು ಹೋದೆ. ಹುಬ್ಬಳ್ಳಿಯ ಬಸವರಾಜನೂ ಬಂದ.

“ಏನ್ರೀ ಅಂಕಲ್ ಇದು, ಕಬಡ್ಡಿನೂ ಅಲ್ಲ, ಫುಟ್‌ಬಾಲೂ ಅಲ್ಲ. ಚೆಂಡ್ ಹಿಡೀಬೇಕೋ, ಮಂದಿನ್ ಹಿಡೀಬೇಕೋ?” ಎಂದು ಬಸವರಾಜ ಕೇಳಿದ.

“ಎರಡೂ,” ಎಂದರು ಅಂಕಲ್. ಬಸವರಾಜನಿಗೆ ಆಟ ಹಿಡಿಸಿಬಿಟ್ಟಿತು.

ಆ ಸೀಸನ್ನಿನಲ್ಲಿ ನಾವು ಒಂದು ಮ್ಯಾಚನ್ನೂ ಗೆಲ್ಲಲಿಲ್ಲ. ಸೀಸನ್ ಮುಗಿದ ಮೇಲೆ ಟೀಮನ್ನೇ ಮುಚ್ಚುವುದೆಂದು ನಿರ್ಧಾರವಾಗಿತ್ತು. ಅಂಕಲ್‌ಗೆ ಅದೇ ಒಂದು ಸಂಕಟ. “ಸೊನ್ನೆ ಗೆಲುವು ಅಂತ ಬರೆದು ಪುಸ್ತಕ ಮುಚ್ಚಬಾರದು ಕಣಯ್ಯಾ. ಗೆಲುವು ಅಂತ ಒಂದೇ ಒಂದು ಸಲ ನನ್ನ ಕೈಲಿ ಬರೀಬೇಕು,” ಎನ್ನುವರು. ಕೆಲಸ ಹೋದದ್ದನ್ನು ಕುರಿತು ಅವರು ಅಷ್ಟು ಹಲುಬಿದ್ದನ್ನು ನಾನು ಕೇಳಿಲ್ಲ.

ಸೋಲಿನ ರೀತಿ ಮಾತ್ರ ವಿಚಿತ್ರವಾಗಿತ್ತು. ಆಟಕ್ಕೆ ನಾಲ್ಕು ಕ್ವಾರ್ಟರ್. ಮೊದಲೆರಡರಲ್ಲಿ ನಾವು ಹುಲಿಗಳು. ಅರ್ಧ ಆಟದ ಬಿಡುವು ಮುಗಿಸಿ ಮೂರನೇ ಕ್ವಾರ್ಟರ್‌ಗೆ ಇಳಿದರೆ ಕಾಲೇ ಏಳದು. ಎದುರಾಳಿಗಳು ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದರು. ಕಾರ್ಖಾನೆಯಲ್ಲಿ ಇಂಥ ದೋಷ ಕಂಡಿದ್ದರೆ ಅಂಕಲ್ ನಿದ್ದೆ ಮಾಡುತ್ತಿರಲಿಲ್ಲ, ಇಲ್ಲಿಯೂ ಮಾಡಲಿಲ್ಲ. ಮನೆಯ ಬೇಸ್‌ಮೆಂಟಿನ ಗೋಡೆ ತುಂಬ ನಕ್ಷೆಗಳು. ನೋಟ್‌ಬುಕ್ಕಿನಲ್ಲಿ ಪ್ರತಿ ಮ್ಯಾಚಿನ ಮುಂದೆ ‘ಕಾರಣ’ ಎಂದು ಒಂದು ಕಾಲಂ. ಒಂದು ವಾರ ‘ಪಶ್ಚಿಮದ ಗಾಳಿ’ ಎಂದಿದ್ದರೆ ಮತ್ತೊಂದು ವಾರ ‘ಕಣ್ಣಿಗೆ ಬಿಸಿಲು’. ಮಗದೊಂದು ವಾರ ‘ಎಡಗಾಲಿನವರು ಕಡಿಮೆ’ ಎಂದು ಬರೆದು, ನನಗೆ ಎಡಗಾಲಲ್ಲಿ ಒದೆಯಲು ಕಲಿಸಿದರು. ಎಡಗಾಲಲ್ಲಿ ಒದ್ದು ನಾನು ಬಿದ್ದೆ. ಅದನ್ನೂ ಬರೆದುಕೊಂಡರು.

ನಿಜವಾದ ಕಾರಣ ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅದು ವಿಮಲಾ ಆಂಟಿಯ ಬಿಸಿಬೇಳೆಭಾತು. ಮೊದಲು ಬಿಡುವಿನಲ್ಲಿ ಕಿತ್ತಳೆ ತೊಳೆ ತಿನ್ನುತ್ತಿದ್ದರಂತೆ. “ಪಾಪ, ಓಡೋ ಮಕ್ಕಳು, ಹಣ್ಣಿನ ಸಿಪ್ಪೆ ಚೀಪ್ಕೊಂಡು ಆಡ್ತಾರಾ?” ಎಂದು ಆಂಟಿ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಭಾತು, ಮೇಲೆ ತುಪ್ಪ, ಬೂಂದಿ, ಕೊನೆಗೆ ತಂಪಿಗೆಂದು ಮೊಸರನ್ನ ತರಲು ಶುರು ಮಾಡಿದರು. ನಮ್ಮ ಕ್ಯಾಪ್ಟನ್ ಕ್ರೇಗ್ ಬಾಗಿಲಿನಷ್ಟು ಅಗಲದ ಆಳು. ಎರಡನೇ ಸಲ ಹಾಕಿಸಿಕೊಂಡು ಮರದ ಕೆಳಗೆ ಒರಗಿದರೆ ಅಂಪೈರ್ ಬಂದು ಎಬ್ಬಿಸಬೇಕಿತ್ತು. ಒಮ್ಮೆ ನಾನು ಅಂಕಲ್‌ಗೆ ಹೇಳಿಬಿಡುತ್ತೇನೆ ಎಂದಾಗ ಕ್ರೇಗ್ ನನ್ನ ಭುಜ ಹಿಡಿದು, “ಬೇಡ ಮೇಟ್. ಗೆಲುವು ಇವತ್ತು ಬರತ್ತೆ, ನಾಳೆ ಹೋಗತ್ತೆ. ಈ ಊಟ ಹೋದರೆ ಹೋಯಿತು,” ಎಂದ. ಬಸವರಾಜನೂ ಅದಕ್ಕೆ ತಲೆಯಾಡಿಸಿದ.

ಸುಳ್ಳು ಬರೆದಾದರೂ ಒಂದು ಗೆಲುವು ಮಾಡಿಕೊಳ್ಳಬಹುದಿತ್ತು, ಅಂಕಲ್ ಅಂಥವರಲ್ಲ. ಒಂದು ಮ್ಯಾಚಿನಲ್ಲಿ ಕ್ರೇಗ್ ಒದ್ದ ಚೆಂಡು ನಡುಗಂಬಗಳ ನಡುವೆ ಹೋಯಿತು, ನಾವೆಲ್ಲ ಕುಣಿದೆವು. ಅಂಕಲ್ ಒಂದೇ ಬೆರಳು ಎತ್ತಿದರು. ಚೆಂಡು ಕಂಬಕ್ಕೆ ತಾಕಿದರೆ ಆರಲ್ಲ, ಒಂದೇ. ಪೈಪಿಗೆ ತಾಕಿದ ‘ಟಪ್’ ಸದ್ದು ಅವರೊಬ್ಬರಿಗೆ ಕೇಳಿತ್ತು. ಆ ಮ್ಯಾಚು ಮೂರು ಪಾಯಿಂಟಿನಲ್ಲಿ ಹೋಯಿತು. ಕಾರಿನಲ್ಲಿ ನಾನು ಗೊಣಗಿದೆ. “ಕಂಬ ನಾನೇ ಮಾಡಿದ್ದು. ಅದರ ಸದ್ದು ನನಗೆ ಕೇಳ್ದೆ ಇರತ್ತಾ?” ಎಂದಷ್ಟೇ ಹೇಳಿ, ಹೈವೇಯಿಂದ ಇಳಿಯುವ ಎಕ್ಸಿಟ್ ತಪ್ಪಿಸಿಕೊಂಡು, ಅದನ್ನೂ ಬರೆದುಕೊಳ್ಳಲು ಹೇಳಿದರು.

ಉಳಿದದ್ದು ಡೆಟ್ರಾಯ್ಟ್ ಟೀಮಿನ ಜೊತೆಗಿನ ಕೊನೆಯ ಮ್ಯಾಚು. ಹಿಂದಿನ ದಿನ ಬೆಳಿಗ್ಗೆ ನಾನು ಧೈರ್ಯ ಮಾಡಿ ಆಂಟಿಯ ಅಡುಗೆಮನೆಗೇ ಹೋದೆ. ಅವರು ಕೊತ್ತಂಬರಿ ಬೀಜ, ಮೆಣಸಿನಕಾಯಿ ಹುರಿಯುತ್ತಿದ್ದರು. ಅಂಕಲ್ ಕೆಳಗೆ ಬೇಸ್‌ಮೆಂಟಿನಲ್ಲಿ ಸ್ಕೇಲು ಹಿಡಿದು ಗೆರೆ ಎಳೆಯುತ್ತಿದ್ದರು.

“ಆಂಟಿ, ನಾಳೆ ಊಟ ಮ್ಯಾಚ್ ಮುಗಿದ ಮೇಲೆ ಕೊಡೋಣ್ವಾ?” ಎಂದೆ.

ಆಂಟಿ ಒಲೆ ಸಣ್ಣ ಮಾಡಿದರು. “ಈಗ ಗೊತ್ತಾಯ್ತಾ ನಿನಗೆ? ನನಗೆ ಎರಡನೇ ಮ್ಯಾಚಿಗೇ ಗೊತ್ತು. ತಿಂದೋರು ತೂಕಡಿಸ್ದೆ ಇನ್ನೇನು ಮಾಡ್ತಾರೆ?”

“ಮತ್ತೆ ಅಂಕಲ್‌ಗೆ ಹೇಳ್ಬಾರದಿತ್ತಾ?”

“ಕೆಲಸ ಹೋದ್ಮೇಲೆ ಹತ್ತು ಗಂಟೆಯಾದ್ರೂ ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ ಕಣೋ. ಸ್ನಾನಕ್ಕೂ ನಾನೇ ಎಬ್ಬಿಸ್ಬೇಕು. ಈ ಮೂರನೇ ಕ್ವಾರ್ಟರ್ ಕಾಯಿಲೆ ಶುರುವಾದ್ಮೇಲೆ ಆರು ಗಂಟೆಗೆ ಎದ್ದು ಕೆಳಗಿಳೀತಾರೆ. ಕಾರಣ ಸಿಕ್ಬಿಟ್ರೆ ಮಾರನೇ ದಿನ ಏನ್ ಮಾಡ್ತಾರೆ ಹೇಳು?”

ಸಾಲು ಸಾಲಾಗಿ ಸೋತಾಗ ಬಾರದ ದುಃಖ ಆಗ ಬಂತು. “ಆದ್ರೆ ನಾಳೆದು ಕೊನೇ ಮ್ಯಾಚು ಆಂಟಿ. ಅವರಿಗೆ ಒಂದು ಗೆಲುವು ಬೇಕು,” ಎಂದೆ.

“ನಾಳೆದು ನನಗೆ ಬಿಡು,” ಎಂದು ಆಂಟಿ ಮತ್ತೆ ಒಲೆ ದೊಡ್ಡದು ಮಾಡಿದರು.

ಡೆಟ್ರಾಯ್ಟ್‌ನವರು ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬಂದಿದ್ದರು. ಅವರಲ್ಲಿಯೂ ಮುಕ್ಕಾಲು ಜನ ಕೆಲಸ ಕಳೆದುಕೊಂಡವರು. ಅರ್ಧ ಆಟದ ಹೊತ್ತಿಗೆ ಅವರದೇ ಮುಂದು. ಬಿಡುವಾದಾಗ ಕ್ರೇಗ್ ಎಂದಿನಂತೆ ತಟ್ಟೆ ಹಿಡಿದು ಮೊದಲು ಬಂದ. ಆಂಟಿ ಅವನ ತಟ್ಟೆಗೆ ನಾಲ್ಕು ಕಿತ್ತಳೆ ತೊಳೆ ಹಾಕಿದರು.

“ಅಷ್ಟು ದೂರದಿಂದ ಬಂದಿದ್ದಾರೆ. ಅತಿಥಿಗಳು ಮೊದಲು,” ಎಂದು ಪಾತ್ರೆಯನ್ನು ಬಸವರಾಜನ ಕೈಯಲ್ಲಿ ಹೊರಿಸಿಕೊಂಡು ಡೆಟ್ರಾಯ್ಟ್‌ನವರ ಕಡೆಗೆ ನಡೆದರು.

ಅವರು ಸಾಕು ಸಾಕು ಎಂದರು. ಆಂಟಿಯ ಎದುರು ಸಾಕು ಎಂದರೆ ಇನ್ನೊಂದು ಸೌಟು ಎಂದು ಅರ್ಥ. ತಟ್ಟೆಗೆ ಕೈ ಅಡ್ಡ ಹಿಡಿದವನಿಗೆ ಬೆರಳ ಸಂದಿಯಲ್ಲೇ ತುಪ್ಪ ಬಿತ್ತು. ಮೊಸರನ್ನದ ಮೇಲೆ ಮೊಸರನ್ನ ಆಯಿತು. ನಮ್ಮವರು ದೂರದಿಂದ ಆ ವಾಸನೆ ಕುಡಿಯುತ್ತಾ ಕಿತ್ತಳೆ ಚೀಪಿದರು. ಕ್ರೇಗ್ ನನ್ನನ್ನು ನೋಡಿದ ನೋಟವನ್ನು ನಾನು ಇಂದಿಗೂ ಮರೆತಿಲ್ಲ.

ಮೂರನೇ ಕ್ವಾರ್ಟರ್‌ನಲ್ಲಿ ಡೆಟ್ರಾಯ್ಟ್‌ನವರು ಓಡಲಿಲ್ಲ, ವಾಕಿಂಗ್ ಮಾಡಿದರು. ಅವರ ಹಿಂದಿನ ಸಾಲಿನವನೊಬ್ಬ ಕಂಬಕ್ಕೆ ಒರಗಿ, ಕಂಬದ ಸಮೇತ ಬಿದ್ದ. ಬಸವರಾಜ ಹಿಡಿದವರೆಲ್ಲ ಹಿಡಿದಲ್ಲೇ ಕೂತರು. ಹಸಿವಿನ ಸಿಟ್ಟಿಗೆ ಕ್ರೇಗ್ ಗೋಲಿನ ಮೇಲೆ ಗೋಲು ಹೊಡೆದ. ಕೊನೆಯ ಶಿಳ್ಳೆ ಊದಿದಾಗ ನಾವು ಒಂಬತ್ತು ಪಾಯಿಂಟಿನಿಂದ ಗೆದ್ದಿದ್ದೆವು.

ಎಲ್ಲರೂ ಕುಣಿಯುತ್ತಿದ್ದರು. ಅಂಕಲ್ ಮಾತ್ರ ಬಿಳಿ ಕೋಟಿನಲ್ಲಿ, ಎರಡೂ ಬಾವುಟ ಹಿಡಿದು, ಹುಲ್ಲಿನ ಮೇಲೆ ಗೊರಕೆ ಹೊಡೆಯುತ್ತಿದ್ದ ಎದುರಾಳಿಯನ್ನೇ ನೋಡುತ್ತಾ ನಿಂತಿದ್ದರು. ಬಾಯಲ್ಲಿ ಏನೋ ಗೊಣಗಿಕೊಂಡರು. ಆಮೇಲೆ ಪಾತ್ರೆಯನ್ನು ನೋಡಿದರು. ನೇರವಾಗಿ ಡೆಟ್ರಾಯ್ಟ್ ಕ್ಯಾಪ್ಟನ್ ಹತ್ತಿರ ಹೋಗಿ, ಕಾರ್ಖಾನೆಯಲ್ಲಿ ದೋಷ ಒಪ್ಪಿಕೊಳ್ಳುವ ಗಂಭೀರ ಇಂಗ್ಲಿಷಿನಲ್ಲಿ, ಈ ಗೆಲುವು ಸರಿಯಾದದ್ದಲ್ಲ, ನಮ್ಮ ಕಡೆಯಿಂದ ನಿಮಗೆ ಊಟ ಹಾಕಲಾಗಿದೆ, ಬೇಕಿದ್ದರೆ ಮ್ಯಾಚನ್ನು ರದ್ದು ಮಾಡೋಣ ಎಂದರು.

ಆ ಕ್ಯಾಪ್ಟನ್ ಪಾತ್ರೆಯ ಕಡೆ ಕತ್ತು ಚಾಚಿದ. “ಅದು ಇನ್ನೂ ಉಳಿದಿದೆಯಾ?” ಎಂದು ಕೇಳಿದ. ಉಳಿದಿದೆ ಎಂದರು ಅಂಕಲ್. “ಹಾಗಾದರೆ ಗೆಲುವು ನೀವಿಟ್ಟುಕೊಳ್ಳಿ. ಪಾತ್ರೆ ನಮಗೆ ಕೊಡಿ,” ಎಂದ. ಕ್ರೇಗ್ ಅಡ್ಡ ಹೋಗದಿದ್ದರೆ ನಿಜವಾಗಿಯೂ ಕೊಟ್ಟುಬಿಡುತ್ತಿದ್ದರೇನೋ.

ಅಂಕಲ್ ಆಂಟಿಯ ಬಳಿ ಬಂದರು. “ವಿಮಲಾ, ನಿನಗೆ ಮೊದಲೇ ಗೊತ್ತಿತ್ತು. ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

ಆಂಟಿ ಸೌಟು ಒರೆಸುತ್ತಾ, “ಹೇಳಿದ್ರೆ ನೀವು ಮತ್ತೆ ಮುಸುಕೆಳೆದು ಮಲಗಿಬಿಡ್ತಿದ್ರಿ. ನನಗೆ ಅದನ್ನ ನೋಡೋಕಾಗಲ್ಲ,” ಎಂದರು.

ಅಂಕಲ್ ಎರಡನೇ ಸಲ ಯಾಕೆ ಎಂದು ಕೇಳಲಿಲ್ಲ. ಬಾವುಟಗಳನ್ನು ಕಂಕುಳಲ್ಲಿ ಇರುಕಿಕೊಂಡು ಪಾತ್ರೆಯ ಒಂದು ಕಿವಿ ಹಿಡಿದರು, ಇನ್ನೊಂದನ್ನು ಆಂಟಿ ಹಿಡಿದರು.

ಕೆಲವು ತಿಂಗಳ ಮೇಲೆ ಮೆಲ್ಬರ್ನ್‌ನ ಹಳೆಯ ಸ್ನೇಹಿತರೊಬ್ಬರು ಅಂಕಲ್‌ಗೆ ಅಲ್ಲೇ ಕೆಲಸ ಕೊಡಿಸಿದರು. ನಾನು ಏರ್‌ಪೋರ್ಟಿಗೆ ಬಿಡಲು ಹೋದೆ. ಒಂದು ಸೂಟ್‌ಕೇಸ್ ಹನ್ನೊಂದು ಪೌಂಡ್ ಜಾಸ್ತಿ ತೂಗಿತು. ಅಂಕಲ್ ನೆಲದ ಮೇಲೆ ಅದನ್ನು ಬಿಚ್ಚಿದರು. ಒಂದು ಮಗ್ಗುಲಿಗೆ ಆಂಟಿ ಕುಟ್ಟಿಸಿದ ಬಿಸಿಬೇಳೆಭಾತಿನ ಪುಡಿ, ಇನ್ನೊಂದು ಮಗ್ಗುಲಿಗೆ ದಾಖಲೆಯ ನೋಟ್‌ಬುಕ್ಕುಗಳು.

“ಪುಡಿ ತೆಗೀರಿ, ಅಲ್ಲಿ ಹೋಗಿ ಮಾಡ್ಕೋತೀನಿ,” ಎಂದರು ಆಂಟಿ.

“ನೀನು ಸುಮ್ನಿರು,” ಎಂದು ಅಂಕಲ್ ನೋಟ್‌ಬುಕ್ಕುಗಳನ್ನೆಲ್ಲ ತೆಗೆದು ನನ್ನ ಕೈಗಿಟ್ಟರು. “ಅಲ್ಲಿ ಈ ಆಟದ ದಾಖಲೆಯೆಲ್ಲ ಬಸ್ ಡ್ರೈವರಿಗೂ ಬಾಯಿಪಾಠ ಇರತ್ತೆ ಕಣಯ್ಯಾ. ನನ್ನ ಮಾತು ಯಾರು ಕೇಳ್ತಾರೆ?” ಎಂದು ನಕ್ಕರು. ಅವರನ್ನು ನಾನು ನೋಡಿದ್ದು ಅದೇ ಕೊನೆ. ಈಗ ಪೂಜೆಯಲ್ಲಿ ನನ್ನ ಪಕ್ಕ ಕೂತವರು ಚೆನ್ನಾಗಿದ್ದೀರಾ ಎಂದು ಕೇಳುತ್ತಾರೆ. ಚೆನ್ನಾಗಿದ್ದೇನೆ ಎನ್ನುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅಂಕಲ್ ಇರಬೇಕಿತ್ತು ಅನಿಸುತ್ತದೆ.

ಅವತ್ತು ಏರ್‌ಪೋರ್ಟಿನ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ಕೊನೆಯ ನೋಟ್‌ಬುಕ್ಕು ತೆರೆದೆ. ಗಾಳಿ, ಬಿಸಿಲು, ಎಡಗಾಲು ಎಲ್ಲ ದಾಟಿ ಕೊನೆಯ ಪುಟಕ್ಕೆ ಬಂದೆ. ಡೆಟ್ರಾಯ್ಟ್ ಮ್ಯಾಚಿನ ಎದುರು ಎರಡು ಸಲ ತಿದ್ದಿ ದಪ್ಪಗೆ ‘ಗೆಲುವು’ ಎಂದಿತ್ತು. ಪಕ್ಕದ ‘ಕಾರಣ’ ಕಾಲಮ್ಮಿನಲ್ಲಿ, ಸಣ್ಣ ಅಕ್ಷರದಲ್ಲಿ: ‘ಮನೆಯ ವಿಷಯ. ಬರೆಯುವಂಥದ್ದಲ್ಲ.’